ಸೇಲ್ಸ್ ಗಂಧವೇ ಇಲ್ಲದ ಹುಡುಗನನ್ನು ಮ್ಯಾನೇಜ್‌ಮೆಂಟ್ ಮುಂದೆ ನಿಲ್ಲಿಸೋದು ಹೇಗೆ?

ಕಂಪ್ರೆಸರ್ ರೂಮ್, ಮೈಸೂರು:

ಎಲ್ಲರಿಗೂ ನಮಸ್ಕಾರ. ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹತ್ತೊಂಬತ್ತು ವರ್ಷ ಆಯಿತು. ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದಾನೆ. ಐಟಿಐ ಫಿಟ್ಟರ್, ನಂಜನಗೂಡು ಕಡೆಯವನು. ಕೆಲಸದಲ್ಲಿ ಚಿನ್ನ.

ನಮ್ಮದು 75 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್, ಮೆಷಿನ್‌ಗಳಿಗೆ ಒತ್ತಡದ ಗಾಳಿ ಕೊಡುವ ಯಂತ್ರ. ಒಂದು ಭಾನುವಾರ, ಯಾವ ಮೆಷಿನೂ ಓಡದ ಹೊತ್ತಲ್ಲಿ, ಇವನು ಕಂಪ್ರೆಸರ್ ಚಾಲೂ ಮಾಡಿ ಮೊಬೈಲ್‌ನಲ್ಲಿ ಟೈಮ್ ನೋಡುತ್ತಾ ಪಕ್ಕದಲ್ಲೇ ಕೂತ. ಗಾಳಿ ಬಳಸುವವರು ಯಾರೂ ಇಲ್ಲ. ಲೈನ್ ತುಂಬಿದ ಮೇಲೆ ಅದು ಸುಮ್ನೆ ಇರಬೇಕು ಅಲ್ವಾ? ಆದರೆ ಪ್ರತಿ ಹತ್ತು ನಿಮಿಷಕ್ಕೆ ಮೂರು ನಿಮಿಷ ಲೋಡ್ ಆಗಿ ಗಾಳಿ ತುಂಬುತ್ತಲೇ ಇತ್ತು. ಅಂದರೆ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಶೇ 30ರಷ್ಟು ಲೀಕ್. ಆಮೇಲೆ ಬಾಟಲ್‌ಗೆ ಸೋಪಿನ ನೀರು ತುಂಬಿಕೊಂಡು ಲೈನ್ ಉದ್ದಕ್ಕೂ ಸಿಂಪಡಿಸಿ, ಗುಳ್ಳೆ ಎದ್ದ ಕಡೆಯೆಲ್ಲ ಕೆಂಪು ಟೇಪ್ ಕಟ್ಟಿದ. 64 ಕಡೆ. ಮಾಡು ಅಂತ ಯಾರೂ ಹೇಳಿರಲಿಲ್ಲ.

ಹಳೇ ಹೋಸು, ಕಪ್ಲಿಂಗು ಬದಲಾಯಿಸೋಕೆ ಮೂರೂವರೆ ಲಕ್ಷ ಬೇಕು. ನೀನೇ ಕಂಡುಹಿಡಿದದ್ದು, ನೀನೇ ಹೇಳು ಅಂತ ಕಳೆದ ತಿಂಗಳ ಮೀಟಿಂಗ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಎಡವಟ್ಟಾಯಿತು. ಆಫೀಸಿನವರು ಮಾಡಿಕೊಟ್ಟ ಪಿಪಿಟಿ, ಇಂಗ್ಲಿಷಿನಲ್ಲಿ, 22 ಸ್ಲೈಡು. ಅವನು ನಮಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ಓದಿದ. ಲೇಸರ್ ಪಾಯಿಂಟರಿನ ಕೆಂಪು ಚುಕ್ಕಿ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಕಂಪ್ರೆಸರ್ ಅಂದರೇನು, ಅದರ ವಿಧಗಳು ಯಾವುವು, ಇದಕ್ಕೇ ಎಂಟು ಸ್ಲೈಡು! ದುಡ್ಡಿನ ಮಾತು ಬಂದಿದ್ದು 21ನೇ ಸ್ಲೈಡಿನಲ್ಲಿ. ಅಷ್ಟು ಹೊತ್ತಿಗೆ ಫೈನಾನ್ಸ್‌ನವರು ಫೋನ್ ಹಿಡಿದು ಹೊರಗೆ ಹೋಗಿದ್ದರು. ‘ಮುಂದಿನ ಸಲ ನೋಡೋಣ’ ಅಂದು ಮುಗಿಸಿದರು.

ಇದೇ ಹುಡುಗ ಕ್ಯಾಂಟೀನಿನಲ್ಲಿ ಮಾತಿಗೆ ಕೂತರೆ ಟೀ ಆರಿದ್ದೂ ಗೊತ್ತಾಗೋದಿಲ್ಲ. ಸೇಲ್ಸ್‌ನವರ ಟ್ರೈನಿಂಗ್‌ಗೆ ಕಳಿಸೋಣ ಅಂತ ಎಚ್‌ಆರ್‌ನವರು ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಇನ್ನು ಮೂರು ವಾರಕ್ಕೆ ಮತ್ತೆ ಮೀಟಿಂಗ್ ಇದೆ. ಏನು ಮಾಡಿಸಲಿ?

ಲೆಕ್ಕದಮ್ಮ, ಕುವೆಂಪುನಗರ:

ಸಾರ್, ಫೋನ್ ಹಿಡಿದು ಹೊರಗೆ ಹೋಗುವ ಜಾತಿ ನಮ್ಮದು. ಬೇರೆ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ.

ಶೇ 30 ಲೀಕ್ ಅಂದರೆ ನಮಗೆ ಏನೂ ಅನ್ನಿಸೋದಿಲ್ಲ. ರೂಪಾಯಿಯಲ್ಲಿ ಹೇಳಿ. 75ರಲ್ಲಿ ಶೇ 30 ಅಂದರೆ 22.5 ಕಿಲೋವ್ಯಾಟ್. ಮೂರು ಶಿಫ್ಟ್ ಓಡಿದರೆ ದಿನಕ್ಕೆ 540 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 4,320 ರೂಪಾಯಿ. ನಿಮ್ಮ ಸೆಸ್ಕ್ ಕರೆಂಟ್ ಬಿಲ್ ನೋಡಿ ದರ ಸರಿ ಮಾಡಿಕೊಳ್ಳಿ. ಅವನು ಬಾಯಿ ತೆಗೆದ ಕೂಡಲೇ ಬರಬೇಕಾದ ಮಾತು ಇದು: ‘ದಿನಾ ಇಷ್ಟು ದುಡ್ಡು ಗಾಳಿಗೆ ಹೋಗ್ತಿದೆ, ನಿಲ್ಲಿಸೋಕೆ ಮೂರೂವರೆ ಲಕ್ಷ ಬೇಕು.’ ಕಂಪ್ರೆಸರ್ ವಿಧಗಳು ಯಾರಿಗೂ ಬೇಡ.

ಎಲ್ಲ ಲೀಕೂ ನಿಲ್ಲುತ್ತದೆ ಅಂತ ಮಾತ್ರ ಹೇಳಿಸಬೇಡಿ. ಹಾಗೆ ಹೇಳಿದವರನ್ನು ನಾವು ನಂಬೋದಿಲ್ಲ. 30ರಿಂದ 10ಕ್ಕೆ ಇಳಿಸುತ್ತೇನೆ ಅನ್ನಲಿ. ವರ್ಷಕ್ಕೆ 300 ದಿನ ಹಿಡಿದರೂ ಎಂಟೂವರೆ ಲಕ್ಷ ಉಳಿಯುತ್ತದೆ.

ಇನ್ನೊಂದು, ಇದು ಒಳಗಿನವರ ಗುಟ್ಟು. ಮೀಟಿಂಗ್‌ಗೆ ನಾಲ್ಕು ದಿನ ಮುಂಚೆ ಅವನನ್ನೇ ಫೈನಾನ್ಸ್‌ನವರ ಟೇಬಲ್ ಹತ್ತಿರ ಕಳಿಸಿ. ‘ಈ ಲೆಕ್ಕ ಸರಿ ಇದೆಯಾ ನೋಡಿ’ ಅಂತ ಕೇಳಲಿ. ನಾವೇ ತಿದ್ದಿಕೊಟ್ಟ ಲೆಕ್ಕವನ್ನು ಮೀಟಿಂಗ್‌ನಲ್ಲಿ ನಾವೇ ಹೊಡೆದು ಹಾಕೋದು ಬಹಳ ಕಷ್ಟ.

ನಾಲೆ ಬದಿಯವ, ಮಂಡ್ಯ:

ನಾನು ಕಬ್ಬಿನ ರೈತರಿಗೆ ಹನಿ ನೀರಾವರಿ ಬಗ್ಗೆ ಹೇಳುವ ಕೆಲಸದಲ್ಲಿದ್ದೇನೆ. ಓದಿದ್ದು ಬಿಎಸ್ಸಿ ಅಗ್ರಿ, ಮಾರಾಟ ಗೊತ್ತಿರಲಿಲ್ಲ. ಮೊದಮೊದಲು ಪೈಪಿನ ಸೈಜು, ಡ್ರಿಪ್ಪರಿನಲ್ಲಿ ಗಂಟೆಗೆ ಎಷ್ಟು ಲೀಟರ್, ಎಲ್ಲ ಒಪ್ಪಿಸುತ್ತಿದ್ದೆ. ಹಿಂದಿನ ಸಾಲಿನವರು ಬೀಡಿ ಸೇದೋಕೆ ಎದ್ದು ಹೋಗುತ್ತಿದ್ದರು. ಆಮೇಲೆ ಒಂದು ಊರಿನಲ್ಲಿ ಬೇಜಾರಾಗಿ, ‘ರಾತ್ರಿ ಕರೆಂಟ್ ಬಂತು ಅಂತ ಎರಡು ಗಂಟೆಗೆ ಎದ್ದು ನೀರು ಕಟ್ಟೋಕೆ ಹೋಗೋರು ಯಾರ್ ಯಾರು ಇದೀರಿ?’ ಅಂತ ಕೇಳಿಬಿಟ್ಟೆ. ಅರಳಿ ಕಟ್ಟೆ ಪೂರ್ತಿ ಕೈ ಎತ್ತಿತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟುನೀರು ಪದ್ಧತಿ, ಅಂದರೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸೋದು, ಬಂದ ವರ್ಷ ಏನು ಮಾಡಿದಿರಿ ಅಂದೆ. ಅಲ್ಲಿಂದ ಮುಂದೆ ಅರ್ಧ ಗಂಟೆ ಮಾತಾಡಿದ್ದು ಅವರೇ.

ಮಂಡ್ಯದವನು ಬಾಯಿ ಬಿಟ್ಟರೆ ವಿಶ್ವೇಶ್ವರಯ್ಯನವರು ಬಂದೇ ಬರುತ್ತಾರೆ, ಕ್ಷಮಿಸಿ. ಅವರೂ ಸೇಲ್ಸ್‌ನವರಲ್ಲ, ಇಂಜಿನಿಯರ್. ಕನ್ನಂಬಾಡಿ ಕಟ್ಟೆಗೆ ಇಷ್ಟು ದುಡ್ಡಾ ಅಂತ ಹಣಕಾಸಿನವರ ತಕರಾರು ಇತ್ತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಿಂದಲೇ ಕರೆಂಟ್ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಕರೆಂಟಿಗೆ ತೊಂದರೆ. ಕಟ್ಟೆ ಕಟ್ಟಿದರೆ ಗದ್ದೆಗೆ ನೀರು ಮಾತ್ರ ಅಲ್ಲ, ಗಣಿಗೆ ಕೊಡುವ ಕರೆಂಟಿನಿಂದ ವರಮಾನವೂ ಬರುತ್ತದೆ ಅಂತ ಅವರು ಜೋಡಿಸಿ ತೋರಿಸಿದರು. 1911ರಲ್ಲಿ ಮಂಜೂರಾಯಿತು. ಎದುರಿಗೆ ಕೂತವರ ನಿದ್ದೆ ಯಾವುದರಿಂದ ಕೆಡುತ್ತಿದೆ ಅಂತ ನಿಮ್ಮ ಹುಡುಗನಿಗೆ ಮೊದಲು ತಿಳಿಸಿ.

ಸ್ಪಷ್ಟ ಮಾತು:

ಎಲ್ಲರೂ ಮುದ್ದು ಮಾಡುತ್ತಿದ್ದೀರಿ. ಟ್ರೈನಿಂಗ್‌ಗೆ ಕಳಿಸಿ, ಇಂಗ್ಲಿಷ್ ಕಲಿಯಲಿ. ಇಲ್ಲದಿದ್ದರೆ ರಿಟೈರ್ ಆಗುವವರೆಗೂ ಸ್ಪ್ಯಾನರ್ ಹಿಡಿದುಕೊಂಡೇ ಇರುತ್ತಾನೆ.

ಕಂಪ್ರೆಸರ್ ರೂಮ್, ಮೈಸೂರು:

ಇಂಗ್ಲಿಷ್ ಬೇಡ ಅಂದವರು ಯಾರು? ಮೂರು ವಾರದಲ್ಲಿ ಬರೋದಿಲ್ಲ, ಅಷ್ಟೇ. ನಿನ್ನೆ ಮೀಟಿಂಗ್ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೇಡಂ, ನಿಮ್ಮ ಲೆಕ್ಕವನ್ನು ಹುಡುಗನಿಗೆ ತೋರಿಸಿದೆ. ನೋಡಿದ ಕೂಡಲೇ ತಪ್ಪು ಹಿಡಿದ! ‘ಸಾರ್, ಅನ್‌ಲೋಡ್‌ನಲ್ಲಿ ಗಾಳಿ ತುಂಬದೆ ಸುಮ್ನೆ ತಿರುಗುವಾಗಲೂ ಮೋಟಾರ್ ಕರೆಂಟ್ ತಿನ್ನುತ್ತಲ್ಲಾ, ಅದನ್ನ ಕಳೀಬೇಕು.’ ಕ್ಲಾಂಪ್ ಮೀಟರ್ ಹಿಡಿದು ನೋಡಿದರೆ ಲೋಡ್‌ನಲ್ಲಿ ತಿನ್ನುವುದರ ಶೇ 30ರ ಹತ್ತಿರ ಇತ್ತು. ಹಾಗಾಗಿ ದಿನದ ನಷ್ಟ ಮೂರು ಸಾವಿರಕ್ಕೆ ಇಳಿಯಿತು, ವರ್ಷದ ಉಳಿತಾಯ ಆರು ಲಕ್ಷಕ್ಕೆ. ದುಡ್ಡು ವಾಪಸ್ ಬರೋಕೆ ಏಳು ತಿಂಗಳು. ಇದನ್ನು ಹಿಡಿದುಕೊಂಡು ಅವನೇ ಫೈನಾನ್ಸ್ ಟೇಬಲ್‌ಗೆ ಹೋದ. ತನಗೆ ಹೆಚ್ಚು ತೋರಿಸುವ ಲೆಕ್ಕವನ್ನು ತಾನೇ ಕಡಿಮೆ ಮಾಡಿಕೊಂಡು ಬಂದವನನ್ನು ಅವರು ನೋಡಿರಲಿಲ್ಲವೇನೋ, ಕೂರಿಸಿ ಟೀ ತರಿಸಿದರಂತೆ.

ಊಟದ ಹೊತ್ತಲ್ಲಿ ಕಂಪ್ರೆಸರ್ ರೂಮಿನಲ್ಲೇ ಆರು ಸಲ ಹೇಳಿಸಿದೆ. ನಾನು ಫೈನಾನ್ಸ್‌ನವರ ಹಾಗೆ ಅಡ್ಡಡ್ಡ ಪ್ರಶ್ನೆ ಕೇಳಿದೆ. ನಾಲ್ಕನೇ ಸಲಕ್ಕೆ ಸಿಟ್ಟು ಬಂತು ಅವನಿಗೆ. ಆ ಸಿಟ್ಟಿನಲ್ಲೇ ಚೆನ್ನಾಗಿ ಹೇಳಿದ.

ನಿನ್ನೆ ಮೂರೇ ಸ್ಲೈಡು. ಪಾಯಿಂಟರ್ ಕೊಡಲಿಲ್ಲ. ಬದಲಿಗೆ ಬಿರುಕು ಬಿಟ್ಟ ಒಂದು ಹೋಸ್ ತುಂಡು ಕೈಯಲ್ಲಿತ್ತು, ಕೈ ನಡುಗಲಿಲ್ಲ. ಕನ್ನಡದಲ್ಲೇ ಮಾತಾಡಿದ. ಹೆಡ್ ಆಫೀಸಿನವರೊಬ್ಬರಿಗೆ ಕನ್ನಡ ಬರೋದಿಲ್ಲ, ಅಲ್ಲಲ್ಲಿ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಗೆ ಫೋನ್ ತೆಗೆದು ಶೆಡ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಕಿದ. ಬರೀ ಸ್ಸ್ ಅನ್ನುವ ಸದ್ದು. ‘ಇದು ಭಾನುವಾರ ಸಾರ್. ಮೆಷಿನ್ ಒಂದೂ ಓಡ್ತಿಲ್ಲ.’ ಹೆಡ್ ಆಫೀಸಿನವರು ನನ್ನ ಮುಖ ನೋಡಲೇ ಇಲ್ಲ.

ಪೂರ್ತಿ ಸಿಗಲಿಲ್ಲ. ಒಂದು ಶೆಡ್‌ಗೆ ಒಂದೂಮುಕ್ಕಾಲು ಲಕ್ಷ ಕೊಟ್ಟಿದ್ದಾರೆ. ರೀಡಿಂಗ್ ತೋರಿಸಿದರೆ ಉಳಿದದ್ದು ಅಂತೆ. ಇವತ್ತು ಬೆಳಿಗ್ಗೆಯಿಂದ ಸ್ಟೋರ್ಸ್‌ನಲ್ಲಿ ಕಪ್ಲಿಂಗ್ ಎಣಿಸುತ್ತಾ ಕೂತಿದ್ದಾನೆ, ಊಟಕ್ಕೂ ಎದ್ದಿಲ್ಲ.