ಮರದ ಚಕ್ಕೆ ಹಾಸಿದರೆ ಗೆದ್ದಲು ಬರುತ್ತಾ? ಅಗೆಯದೆ ತರಕಾರಿ ಬೆಳೆಯಬಹುದಾ?

ರಸಬಾಳೆ_ಹಿತ್ತಲು, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು 40×60 ಸೈಟು. ಮನೆ ಹಿಂದೆ 10 ಅಡಿ ಅಗಲ, 30 ಅಡಿ ಉದ್ದದ ಜಾಗ ಇದೆ. ಒಂದು ತೆಂಗು, ಒಂದು ಕರಿಬೇವು, ಮೂಲೆಯಲ್ಲಿ ನಂಜನಗೂಡು ರಸಬಾಳೆ. ಉಳಿದ ಜಾಗದಲ್ಲಿ ತರಕಾರಿ ಹಾಕುವ ಆಸೆ. ಮಣ್ಣು ಕೆಂಪು. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ.

ಮೊನ್ನೆಯ ಗಾಳಿಮಳೆಗೆ ಬೀದಿಯ ಗುಲ್‌ಮೊಹರ್ ಮರದ ದೊಡ್ಡ ಕೊಂಬೆ ಮುರಿದುಬಿತ್ತು. ಮರ ಕಡಿಯುವವರು ಅದನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿದರು. ಸುಮ್ನೆ ಕಸಕ್ಕೆ ಹೋಗುತ್ತದಲ್ಲ ಅಂತ ಕೇಳಿ ಗೇಟಿನ ಒಳಗೇ ಸುರಿಸಿಕೊಂಡಿದ್ದೇನೆ. ಎಲೆ, ಕಡ್ಡಿ, ಚಕ್ಕೆ ಎಲ್ಲ ಸೇರಿದೆ. ರಾಶಿಯೊಳಗೆ ಕೈ ಹಾಕಿದರೆ ಬಿಸಿ ಇದೆ.

ಈಗ ಮನೆಯಲ್ಲಿ ಮೂರು ಮತ. ಅತ್ತೆ, "ಗೆದ್ದಲಿಗೆ ನೀನೇ ಮಣೆ ಹಾಕಿ ಕೂರಿಸ್ತಿದ್ದೀಯ" ಅನ್ನುತ್ತಾರೆ. ತೋಟದ ಕೆಲಸಕ್ಕೆ ಬರುವವರು, "ಅಗೆದು ಮಣ್ಣಿಗೆ ಸೇರಿಸಿಬಿಡಿ, ಗೊಬ್ಬರ ಆಗುತ್ತೆ" ಅನ್ನುತ್ತಾರೆ. ವೀಡಿಯೋದವರು ಆರು ಇಂಚು ದಪ್ಪ ಹಾಸಿ, ಇನ್ನು ಜನ್ಮದಲ್ಲಿ ಅಗೆಯಬೇಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ? ದಂಟು, ಮೆಂತ್ಯದ ಬೀಜವನ್ನು ಇದರ ಮೇಲೇ ಚೆಲ್ಲಬಹುದಾ?

ಬಾಗಿಲುವಾಡ, ತುಮಕೂರು

ಬೇಡ ಅಂದ್ರೆ ಬೇಡ. ನಮ್ಮ ಪಕ್ಕದ ಮನೆಯ ಸಾಗುವಾನಿ ಬಾಗಿಲುವಾಡವನ್ನೇ ತಿಂದುಹಾಕಿವೆ. ಒಲೆ ಇರುವವರು ಯಾರಾದರೂ ಇದ್ದರೆ ಉರಿಸಲು ಕೊಟ್ಟುಬಿಡಿ.

ಸೀಬೆಮರ, ಮೈಸೂರು

ಉರಿಸಲು ಕೊಡಬೇಡಿ! ನಮ್ಮೂರಲ್ಲಿ ಅಂಥ ರಾಶಿ ಪುಕ್ಕಟೆ ಸಿಗುವುದೇ ಅಪರೂಪ. ನಮ್ಮ ಹಿತ್ತಲಲ್ಲಿ ಹಲವು ವರ್ಷದಿಂದ ಚಕ್ಕೆ ಹಾಸುತ್ತಾ ಬಂದಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ, ಉದ್ದ ಆದರೆ ಬೈಕೋಬೇಡಿ.

ಮೊದಲು ಅತ್ತೆಯವರ ಮಾತು. ಅರ್ಧ ಸರಿ. ಚಕ್ಕೆ ಹಾಕಿದ್ದಕ್ಕೆ ಗೆದ್ದಲು ಹುಟ್ಟುವುದಿಲ್ಲ, ಅವು ಮೊದಲೇ ಮಣ್ಣಲ್ಲಿವೆ. ನಮ್ಮ ಕಡೆ ಹುತ್ತ ಕಟ್ಟುವ ಗೆದ್ದಲು ಒಣ ಕಟ್ಟಿಗೆ, ಒಣ ಎಲೆಯನ್ನು ಹೊತ್ತೊಯ್ದು ಗೂಡಿನೊಳಗೆ ಅದರ ಮೇಲೆ ಅಣಬೆ ಜಾತಿಯ ಬೂಸ್ಟು ಬೆಳೆಸಿ ತಿನ್ನುತ್ತವೆ. ನೀವು ಚಕ್ಕೆ ಹಾಕಿದ ಮೇಲೆ ಮೇಲಕ್ಕೆ ಬಂದು ಕಣ್ಣಿಗೆ ಕಾಣುತ್ತವೆ, ಅಷ್ಟೆ. ನನ್ನ ಸೀಬೆ ಗಿಡದ ಸುತ್ತ ಚಕ್ಕೆ ಎತ್ತಿ ನೋಡಿದರೆ ಅದರ ಮೇಲೆ ತೆಳ್ಳಗೆ ಮಣ್ಣಿನ ಪೊರೆ ಕಟ್ಟಿರುತ್ತದೆ. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ಒಳಗೆ ಚಕ್ಕೆ ಟೊಳ್ಳು, ಹೊರಗಿನ ಸಿಪ್ಪೆ ಮಾತ್ರ ಉಳಿದಿರುತ್ತದೆ. ಅದರ ಅಡಿಯ ಮಣ್ಣಿನ ತುಂಬಾ ಸಣ್ಣ ಸಣ್ಣ ತೂತು. ಒಂದು ಬಿಂದಿಗೆ ನೀರು ಸುರಿದರೆ ಅಲ್ಲಿ ನಿಲ್ಲುವುದೇ ಇಲ್ಲ, ಇಳಿದುಹೋಗುತ್ತದೆ. ಎರಡಡಿ ಆಚೆ ಬರೀ ನೆಲಕ್ಕೆ ಸುರಿದರೆ ಅದೇ ನೀರು ಹರಿದು ಮೋರಿ ಸೇರುತ್ತದೆ. ಅಗೆಯುವ ಕೆಲಸವನ್ನು ಗೆದ್ದಲೇ ಮಾಡುತ್ತಿದೆ, ಕೂಲಿ ಕೇಳದೆ.

ಹಸಿಯಾಗಿ, ಗಟ್ಟಿಯಾಗಿ ಇರುವ ಗಿಡದ ತಂಟೆಗೆ ಅವು ಸಾಮಾನ್ಯವಾಗಿ ಹೋಗುವುದಿಲ್ಲ. ನೀರಿಲ್ಲದೆ ಬಾಡಿದ ಗಿಡ, ಎಳೆ ತೆಂಗಿನ ಸಸಿ, ಕಬ್ಬಿನ ತುಂಡು, ಕಡಲೆಕಾಯಿ ಇವುಗಳಿಗೆ ಮಾತ್ರ ನಿಜಕ್ಕೂ ಕಾಟ ಇದೆ. ಸಸಿ ನೆಡುವ ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಮಡಿಯನ್ನು ಪೂರ್ತಿ ಒಣಗಲು ಬಿಡಬೇಡಿ. ದಯವಿಟ್ಟು ತರಕಾರಿ ಮಡಿಗೆ ಗೆದ್ದಲಿನ ಔಷಧಿ ಸುರಿಯಬೇಡಿ. ಆ ಸೊಪ್ಪನ್ನು ತಿನ್ನುವವರು ನೀವೇ ಅಲ್ವಾ?

ಅತ್ತೆಯವರ ಮಾತಿನ ಉಳಿದರ್ಧ ಮನೆಗೆ ಸಂಬಂಧಪಟ್ಟಿದ್ದು, ಅಲ್ಲಿ ಅವರ ಮಾತೇ ನಡೆಯಲಿ. ಗೋಡೆಯಿಂದ ಒಂದೂವರೆ ಅಡಿ ಚಕ್ಕೆ ಬೇಡ. ಅಷ್ಟಗಲ ಜಲ್ಲಿ ಹಾಕಿ ಅಥವಾ ಬರೀ ನೆಲ ಬಿಡಿ. ಹಿತ್ತಲ ಬಾಗಿಲುವಾಡ, ಮರದ ಏಣಿ, ಒರಗಿಸಿಟ್ಟ ಹಳೇ ಮಂಚದ ಪಟ್ಟಿ ಯಾವುದಕ್ಕೂ ತಾಗಬಾರದು. ಕಸ ಗುಡಿಸುವಾಗ ಗೋಡೆಯ ಬುಡ ಒಂದು ಸಲ ನೋಡಿ. ಮಣ್ಣಿನ ಗೆರೆ ಮೇಲೇರುತ್ತಿದ್ದರೆ ಕೆರೆದು ಹಾಕಿ, ಮತ್ತೆ ಮತ್ತೆ ಅಲ್ಲೇ ಬಂದರೆ ತಿಳಿದವರನ್ನು ಕರೆಸಿ. ಗೇಟಿನ ಹತ್ತಿರದ ರಾಶಿಯನ್ನಂತೂ ಬೇಗ ಹರಡಿಬಿಡಿ. ರಾಶಿ ಹಾಗೇ ಕೂತರೆ ಚೇಳು, ಜರಿ, ಹಾವು ಸೇರಿಕೊಳ್ಳುತ್ತವೆ. ಕುರುವಾಯಿ ದುಂಬಿ ಅದರಲ್ಲೇ ಮೊಟ್ಟೆ ಇಟ್ಟು ನಿಮ್ಮ ತೆಂಗಿನ ಸುಳಿಗೆ ನುಗ್ಗುತ್ತದೆ. ತೆಂಗು ಇರುವವರು ಗೆದ್ದಲಿಗಿಂತ ಇದಕ್ಕೇ ಜಾಸ್ತಿ ಹೆದರಬೇಕು ಅಂತ ನನ್ನ ಅಭಿಪ್ರಾಯ.

ತೋಟದವರು ಹೇಳಿದ ಹಾಗೆ ಚಕ್ಕೆಯನ್ನು ಮಣ್ಣಿನೊಳಗೆ ಸೇರಿಸುವುದು ಮಾತ್ರ ಖಂಡಿತ ಬೇಡ. ಬರೀ ಮರದ ಚಕ್ಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 400 ಪಾಲು ಇಂಗಾಲ ಇರುತ್ತದೆ, ಮರದಿಂದ ಮರಕ್ಕೆ ಹೆಚ್ಚು ಕಮ್ಮಿ. ಕೊಟ್ಟಿಗೆ ಗೊಬ್ಬರದಲ್ಲಿ 20ರ ಆಸುಪಾಸು. ಚಕ್ಕೆ ಮಣ್ಣೊಳಗೆ ಹೋದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಬೇರಿನ ಸುತ್ತಲ ಮಣ್ಣಿಂದಲೇ ಎಳೆದುಕೊಳ್ಳುತ್ತವೆ. ಗಿಡದ ಕೆಳಗಿನ ಎಲೆ ಹಳದಿ ತಿರುಗುತ್ತದೆ. ಅದೇ ಚಕ್ಕೆ ಮೇಲೇ ಕೂತಿದ್ದರೆ ಈ ಎಳೆದಾಟ ಮಣ್ಣಿಗೆ ತಾಗುವ ತೆಳು ಪದರದಲ್ಲಿ ಮಾತ್ರ, ಬೇರಿನವರೆಗೆ ಇಳಿಯುವುದಿಲ್ಲ. ಆ ಪದರದಲ್ಲಿ ಮೊಳೆಯಬೇಕಾದ ಕಳೆಗೂ ಅದೇ ಕಷ್ಟ, ಅದು ನಮಗೆ ಲಾಭ. ನಿಮ್ಮದರಲ್ಲಿ ಎಲೆ, ಎಳೆ ಕಡ್ಡಿ ಇರುವುದರಿಂದ ಇನ್ನೂ ಒಳ್ಳೆಯದು. ರಾಶಿ ಬಿಸಿಯಾಗಿದ್ದೂ ಅದಕ್ಕೇ.

ಹಾಸುವ ಕ್ರಮ. ಒಂದು ಒಳ್ಳೆ ಮಳೆ ಬಂದು ಮಣ್ಣು ನೆನೆದ ಮೇಲೆ ಹಾಸಿ. ಒಣ ಮಣ್ಣಿನ ಮೇಲೆ ಹಾಸಿದರೆ ಆಮೇಲೆ ಬರುವ ತುಂತುರನ್ನೆಲ್ಲ ಚಕ್ಕೆಯೇ ಕುಡಿದು ಕೂರುತ್ತದೆ, ಬೇರಿಗೆ ಹನಿ ಇಳಿಯುವುದಿಲ್ಲ. ಮೊದಲು ಎರಡು ಇಂಚು ಗೊಬ್ಬರ, ಅದರ ಮೇಲೆ ಮೂರು ಇಂಚು ಚಕ್ಕೆ. 100 ಚದರಡಿಗೆ ಮೂರು ಇಂಚು ಅಂದರೆ 25 ಘನ ಅಡಿ, ಸಿಮೆಂಟ್ ಚೀಲದ ಲೆಕ್ಕದಲ್ಲಿ 20 ಚೀಲ. ಗಿಡದ ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ದೂರ ಇರಲಿ. ತಾಗಿದರೆ ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ, ಮೆಣಸಿನ ಗಿಡವಂತೂ ಒಂದೇ ವಾರದಲ್ಲಿ ಸೊರಗುತ್ತದೆ.

ಅಗೆಯದಿರುವ ವಿಚಾರ. ಇದು ನಮಗೆ ಹೊಸದೇನಲ್ಲ. ಉಡುಪಿ ಜಿಲ್ಲೆಯ ಚೇರ್ಕಾಡಿ ರಾಮಚಂದ್ರ ರಾಯರು ಉಳುಮೆ ಮಾಡದೆ ಭತ್ತ ಬೆಳೆದು ತೋರಿಸಿದವರು. ಆದರೆ ನಿಮ್ಮದು ಹೊಸ ಮನೆಯಾ ಹಳೆಯದಾ, ಹೇಳಿಲ್ಲ. ಮನೆ ಕಟ್ಟುವಾಗ ಬಿದ್ದ ಜಲ್ಲಿ, ಗಾರೆ, ಇಟ್ಟಿಗೆ ಚೂರು ಒಳಗಿದ್ದರೆ ಅದನ್ನು ಯಾವ ಗೆದ್ದಲೂ ಎರೆಹುಳುವೂ ತೆಗೆದುಕೊಡುವುದಿಲ್ಲ. ಒಂದಡಿ ಗುಂಡಿ ತೆಗೆದು ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಮರುದಿನವೂ ನಿಂತಿದ್ದರೆ ಒಂದು ಸಲ ಆಳವಾಗಿ ಅಗೆದು ಕಸ ತೆಗೆಯಿರಿ. ಆಮೇಲೆ ಗುದ್ದಲಿ ಎತ್ತಿಡಿ. ಮಡಿಯ ಮೇಲೆ ಕಾಲಿಡದಂತೆ ನಡುವೆ ದಾರಿ ಬಿಡಿ. ಬೆಳೆ ಮುಗಿದ ಗಿಡವನ್ನು ಕೀಳಬೇಡಿ, ನೆಲಮಟ್ಟಕ್ಕೆ ಕತ್ತರಿಸಿ ಅಲ್ಲೇ ಮಲಗಿಸಿ. ಬೇರು ಒಳಗೇ ಕೊಳೆತು ಗಾಳಿಗೂ ನೀರಿಗೂ ದಾರಿ ಮಾಡುತ್ತದೆ.

ದಂಟು, ಮೆಂತ್ಯ, ಕೊತ್ತಂಬರಿ ಚಕ್ಕೆಯ ಮೇಲೆ ಆಗುವುದಿಲ್ಲ. ಬೀಜ ಸಂದಿಗೆ ಬೀಳುತ್ತದೆ, ಇರುವೆಗೆ ಹಬ್ಬ. ಚಕ್ಕೆಯನ್ನು ಅಂಗೈ ಅಗಲ ಸರಿಸಿ ಸಾಲು ಮಾಡಿ, ಜರಡಿ ಹಿಡಿದ ಗೊಬ್ಬರದಲ್ಲಿ ಬಿತ್ತಿ. ನಾನು ಸೊಪ್ಪಿಗೆ ಒಂದು ಮಡಿಯನ್ನೇ ಬೇರೆ ಇಟ್ಟಿದ್ದೇನೆ, ಅದಕ್ಕೆ ಚಕ್ಕೆ ಇಲ್ಲ, ಪುಡಿ ಮಾಡಿದ ಒಣ ಎಲೆ ಮಾತ್ರ. ಬದನೆ, ಟೊಮೇಟೊ, ಮೆಣಸಿನಕಾಯಿ, ಬೆಂಡೆ, ಬಾಳೆ ಇವೆಲ್ಲ ಚಕ್ಕೆಯಲ್ಲಿ ಖುಷಿಯಾಗಿರುತ್ತವೆ.

ಸೋಗೆಮನೆ, ಶಿರಸಿ

ನಮ್ಮಲ್ಲಿ ಇದಕ್ಕೆ ಯಾರೂ ದೊಡ್ಡ ಹೆಸರಿಟ್ಟಿಲ್ಲ. ಬೆಟ್ಟದಿಂದ ದರಕು (ಉದುರಿದ ಒಣ ಎಲೆ), ಸೊಪ್ಪು ತಂದು ಅಡಿಕೆ ಬುಡಕ್ಕೆ ಹಾಸುವುದು ಅಜ್ಜಂದಿರ ಕಾಲದಿಂದ ಇದೆ.

ಒಂದು ವಿಷಯ ಸೇರಿಸುತ್ತೇನೆ. ಹತ್ತಿರದಲ್ಲಿ ದನ ಸಾಕಿದವರು ಇದ್ದರೆ ಅರ್ಧ ಚಕ್ಕೆ ಅವರಿಗೆ ಕೊಡಿ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲಿ. ಗಂಜಳ ಹೀರಿಕೊಂಡು, ಸೆಗಣಿ ಮೆತ್ತಿಕೊಂಡು ಬರುತ್ತದೆ. ಸಾರಜನಕದ ಚಿಂತೆ ಅಲ್ಲಿಗೇ ಮುಗಿಯಿತು. ನಾವು ಸೊಪ್ಪಿನ ಗೊಬ್ಬರ ಮಾಡುವುದೂ ಹೀಗೇ.

ಮಳೆಗಾಲದ ಎಚ್ಚರಿಕೆ ಒಂದಿದೆ. ಆಫ್ರಿಕನ್ ಬಸವನಹುಳು. ಹಗಲು ಚಕ್ಕೆ, ದರಕಿನ ಅಡಿಯಲ್ಲಿ ತಂಪಾಗಿ ಮಲಗಿರುತ್ತದೆ, ರಾತ್ರಿ ಎದ್ದು ಎಳೆ ಸಸಿಯನ್ನು ಬುಡಸಮೇತ ಮುಗಿಸುತ್ತದೆ. ಒದ್ದೆ ಗೋಣಿಚೀಲದ ಅಡಿ ಪಪ್ಪಾಯಿ ಎಲೆ, ಎಲೆಕೋಸಿನ ಸಿಪ್ಪೆ ಇಡಿ. ಬೆಳಗ್ಗೆ ಚೀಲ ಎತ್ತಿದರೆ ಎಲ್ಲ ಅಲ್ಲೇ ಸೇರಿರುತ್ತವೆ. ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನೂ ಬಿಡಬೇಡಿ, ರೋಗ ತರುವ ಪರೋಪಜೀವಿ ಅದರಲ್ಲಿರುತ್ತದೆ. ಉಪ್ಪನ್ನು ಮಡಿಯ ಮೇಲೆ ಎರಚುವವರಿದ್ದಾರೆ, ಮಣ್ಣು ಹಾಳಾಗುತ್ತದೆ.

ಎರೆಹೊಲ, ಧಾರವಾಡ

ಕೆಂಪು ಮಣ್ಣಿನವರ ಮಾತು ಕೇಳಿ ಎರೆ ಮಣ್ಣಿನವರು ಹಾಗೇ ಮಾಡಬೇಡಿ, ಅದನ್ನ ಹೇಳಾಕ ಬಂದೆ. ನಮ್ಮ ಮಣ್ಣು ಬ್ಯಾಸಿಗ್ಯಾಗ ಬಿರುಕು ಬಿಡತೈತಿ, ಆಗ ಚಕ್ಕಿ ಭಾಳ ಚಲೋ. ಮಳಿಗಾಲದಾಗ ನೀರು ಹಿಡಕೊಂಡು ಕೂಡತೈತಿ. ಮಡಿ ಏರಿಸದ ಮೂರು ಇಂಚು ಹಾಕಿದ್ರ ಬೇರು ಕೊಳೀತಾವ. ಮಡಿ ಒಂದು ಗೇಣು ಎತ್ತರ ಮಾಡಿ, ಮಳಿಗಾಲಕ್ಕ ಚಕ್ಕಿ ಒಂದು ಇಂಚಿಗೆ ಇಳಸ್ರಿ.

ಮಳೆನಾಡಿಗ, ಸಿಯಾಟಲ್

ವೀಡಿಯೋಗಳ ಆರು ಇಂಚಿನ ಬಗ್ಗೆ ಒಂದು ಮಾತು. ಅವುಗಳಲ್ಲಿ ಬಹಳಷ್ಟು ನಮ್ಮ ಈ ಕಡೆಯವು. ಇಲ್ಲಿ ಮರ ಕತ್ತರಿಸುವವರು ಚಕ್ಕೆಯನ್ನು ಪುಕ್ಕಟೆ ತಂದು ಸುರಿಯುತ್ತಾರೆ, ಬೇರೆ ಕಡೆ ಎಸೆಯಲು ಅವರೇ ದುಡ್ಡು ಕೊಡಬೇಕಾಗುತ್ತದೆ, ಅದಕ್ಕೆ. ಹಾಗಾಗಿ ದಪ್ಪ ಹಾಸುವುದು ಇಲ್ಲಿ ಸುಲಭ. ಚಳಿಯಿಂದ ಕೊಳೆಯುವುದೂ ನಿಧಾನ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಲಿಂಡಾ ಚಾಕರ್-ಸ್ಕಾಟ್ ಈ ಚಕ್ಕೆಯ ಬಗ್ಗೆ ತುಂಬಾ ಬರೆದಿದ್ದಾರೆ, ಮೇಲೆ ಸೀಬೆಮರ ಅವರು ಸಾರಜನಕದ ಬಗ್ಗೆ ಹೇಳಿದ್ದನ್ನೇ ಅವರೂ ಹೇಳುತ್ತಾರೆ. ಆದರೆ ಅಗೆಯದ ತೋಟಕ್ಕೆ ಹೆಸರಾದ ಇಂಗ್ಲೆಂಡಿನ ಚಾರ್ಲ್ಸ್ ಡೌಡಿಂಗ್ ತರಕಾರಿ ಮಡಿಗೆ ಹಾಸುವುದು ಕಾಂಪೋಸ್ಟ್, ಚಕ್ಕೆಯಲ್ಲ. ಅಲ್ಲಿ ಚಕ್ಕೆಯ ಅಡಿ ಅಡಗುವ ಗೊಂಡೆಹುಳದ (ಚಿಪ್ಪಿಲ್ಲದ ಬಸವನಹುಳು) ಕಾಟ. ಒಂದೊಂದು ಊರಿಗೆ ಒಂದೊಂದು ಹುಳ!

ರಸಬಾಳೆ_ಹಿತ್ತಲು, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೀಬೆಮರ ಅವರ ಗೋಡೆಯ ಮಾತನ್ನು ಅತ್ತೆಗೆ ಓದಿ ಹೇಳಿದೆ. "ಅದೇ ನಾನೂ ಹೇಳಿದ್ದು" ಅಂದರು. ಮನೆ ಹತ್ತು ವರ್ಷದ್ದು. ಗುಂಡಿ ತೆಗೆದು ನೋಡಿದೆ, ಗೇಣುದ್ದ ಇಳಿದರೆ ಗಾರೆ ಚೂರು ಇದೆ. ಒಂದು ಸಲ ಅಗೆಯಲೇಬೇಕು ಅನ್ನಿಸುತ್ತದೆ.

ಇನ್ನೆರಡು ಪ್ರಶ್ನೆ. ಜೇಕಿನ ಕಳೆ ಜಾಸ್ತಿ ಇದೆ, ಚಕ್ಕೆ ಅಡಿಗೆ ರಟ್ಟು ಹಾಸಿದರೆ ಹೋಗುತ್ತಾ? ಚಕ್ಕೆ ಸಾಲದಿದ್ದರೆ ಹತ್ತಿರದ ಫರ್ನಿಚರ್ ಅಂಗಡಿಯಲ್ಲಿ ಹೊಟ್ಟು ಸಿಗುತ್ತದೆ, ತರಬಹುದಾ?

ಸೀಬೆಮರ, ಮೈಸೂರು

ಜೇಕು ಹೋಗುವುದಿಲ್ಲ. ಗಡ್ಡೆ ಒಳಗಿರುತ್ತದೆ, ರಟ್ಟನ್ನು ಸೂಜಿ ಹಾಗೆ ಚುಚ್ಚಿಕೊಂಡು ಬರುತ್ತದೆ. ಹೇಗೂ ಗಾರೆ ತೆಗೆಯಲು ಅಗೆಯುತ್ತೀರಲ್ಲ, ಆಗಲೇ ಗಡ್ಡೆ ಆರಿಸಿ ಬಿಸಿಲಿಗೆ ಹಾಕಿ. ಉಳಿದದ್ದು ತಲೆ ಎತ್ತಿದಾಗಲೆಲ್ಲ ಕೀಳುತ್ತಿರಬೇಕು. ಚಕ್ಕೆ ಅಡಿಯ ಮಣ್ಣು ಮೆತ್ತಗಿರುವುದರಿಂದ ಎಷ್ಟೋ ಸಲ ಗಡ್ಡೆ ಸಮೇತ ಬರುತ್ತದೆ. ಕಾಂಗ್ರೆಸ್ ಗಿಡದಂಥ ಬೀಜದ ಕಳೆಗಾದರೆ ರಟ್ಟು, ಚಕ್ಕೆ ಎರಡೂ ಸಾಕು, ಬೆಳಕಿಲ್ಲದೆ ಏಳುವುದಿಲ್ಲ. ರಟ್ಟಿನ ಟೇಪು, ಪಿನ್ನು ಮೊದಲೇ ಕಿತ್ತುಹಾಕಿ.

ಫರ್ನಿಚರ್ ಅಂಗಡಿಯ ಹೊಟ್ಟು ತರಬೇಡಿ. ಅದರಲ್ಲಿ ಪ್ಲೈವುಡ್, ಎಂಡಿಎಫ್ ಪುಡಿ ಸೇರಿರುತ್ತದೆ, ಅಂದರೆ ಅಂಟು, ಫಾರ್ಮಾಲ್ಡಿಹೈಡ್, ಪಾಲಿಶ್. ಬರೀ ಮರ ಕೊಯ್ಯುವ ಸಾಮಿಲ್ಲಿನದಾದರೆ ಆಗುತ್ತದೆ, ಆದರೆ ಹೊಟ್ಟು ಒಂದು ಇಂಚಿಗಿಂತ ದಪ್ಪ ಬೇಡ. ನಯವಾದ ಪುಡಿ ಒಣಗಿ ಹೆಪ್ಪುಗಟ್ಟಿದರೆ ನೀರು ಒಳಗೆ ಇಳಿಯುವುದಿಲ್ಲ. ನೀಲಗಿರಿ ಅಥವಾ ಅಕೇಶಿಯಾ ಮರದ್ದಾದರೆ ಕೆಲವು ತಿಂಗಳು ಮಳೆಗೆ ನೆನೆಯಲು ಬಿಟ್ಟು ಆಮೇಲೆ ಹಾಕಿ, ಅದೂ ದಾರಿಗೆ, ಹಣ್ಣಿನ ಗಿಡಕ್ಕೆ.

ನಿಮಗೆ ಚಕ್ಕೆ ಸಾಲದೆ ಇರುವುದಿಲ್ಲ ಅನ್ನಿಸುತ್ತದೆ. ಬೇಕೇ ಆದರೆ ಬೇಲಿ ಬದಿಗೆ ಗ್ಲಿರಿಸೀಡಿಯ ಕಡ್ಡಿ ನೆಡಿ. ಗೂಟ ಊರಿದರೆ ಸಾಕು, ಚಿಗುರುತ್ತದೆ, ಆ ಸೊಪ್ಪನ್ನೇ ಕತ್ತರಿಸಿ ಹಾಸಬಹುದು. ಅಥವಾ ಅಗೆದ ಮಡಿಗೆ ಈ ಮಳೆಗಾಲ ತರಕಾರಿ ಬದಲು ಹಸಿರು ಗೊಬ್ಬರಕ್ಕೆ ಬೆಳೆಯುವ ಅಪ್ಸೆಣಬಿನ ಬೀಜ ಚೆಲ್ಲಿ, ಹೂ ಬಿಡುವ ಮುಂಚೆ ಕತ್ತರಿಸಿ ಅಲ್ಲೇ ಹಾಸಿ. ಆ ಹಸಿರಿನ ಮೇಲೆ ನಿಮ್ಮ ಗುಲ್‌ಮೊಹರ್ ಚಕ್ಕೆ ಬಂದರೆ ದಸರಾ ಹೊತ್ತಿಗೆ ಬದನೆ, ಟೊಮೇಟೊ ಸಸಿ ಇಡಬಹುದು. ಸಸಿ ಬೇಕಾದರೆ ಹೇಳಿ, ನಾನು ಈರನಗೆರೆ ಬದನೆ ಬೀಜ ಹಾಕುವವಳಿದ್ದೇನೆ, ಯಾವಾಗಲೂ ಜಾಸ್ತಿಯೇ ಹುಟ್ಟುತ್ತದೆ.