ರೋಲ್ ಕೇಜ್ ಇಲ್ಲದ ಕಾರಿಗೆ ಹಾರ್ನೆಸ್ ಬಾರ್ ಹಾಕಿಸಿ ಟ್ರ್ಯಾಕಿಗೆ ಇಳಿಯುವುದು ಎಷ್ಟು ಸುರಕ್ಷಿತ?

ಕೆಂಪು_ಪೋಲೊ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2015ರ ಪೋಲೊ ಜಿಟಿ ಟಿಎಸ್‌ಐ ಇದೆ. ವಾರವಿಡೀ ಬೆಂಗಳೂರಿನಲ್ಲಿ ಕಚೇರಿಗೂ ಮಗಳ ಶಾಲೆಗೂ ಓಡಾಡುವ ಇದೇ ಕಾರನ್ನು ವರ್ಷಕ್ಕೆ ಮೂರು ನಾಲ್ಕು ಸಲ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ, ಒಮ್ಮೊಮ್ಮೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯುತ್ತೇನೆ. ವೇಗದ ಉದ್ದನೆಯ ತಿರುವುಗಳಲ್ಲಿ ಮೈ ಸೀಟಿನಿಂದ ಪಕ್ಕಕ್ಕೆ ಜಾರುವುದರಿಂದ ಮೊಣಕಾಲನ್ನು ಬಾಗಿಲಿಗೆ ಒತ್ತಿ, ಸ್ಟೀರಿಂಗನ್ನೇ ಆಸರೆಯಾಗಿ ಹಿಡಿದು ಕೂರಬೇಕಾಗುತ್ತದೆ. ಕೈಗಳು ದೇಹವನ್ನು ಹಿಡಿದಿಡುವ ಕೆಲಸಕ್ಕೆ ಇಳಿದ ಮೇಲೆ ಮುಂದಿನ ಟೈರುಗಳ ಹಿಡಿತ ಎಷ್ಟು ಉಳಿದಿದೆ ಎಂಬುದು ಅಂಗೈಗೆ ತಿಳಿಯುವುದೇ ಇಲ್ಲ.

ಪರಿಚಯದ ಗ್ಯಾರೇಜಿನವರೊಬ್ಬರು ಎರಡೂ ಬಿ-ಪಿಲ್ಲರ್‌ಗಳಲ್ಲಿ (ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬಗಳಲ್ಲಿ) ಸೀಟ್ ಬೆಲ್ಟಿನ ಮೇಲ್ತುದಿಯನ್ನು ಹಿಡಿದಿರುವ ಬೋಲ್ಟುಗಳ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಕೊಳವೆಯನ್ನು, ಅಂದರೆ ಹಾರ್ನೆಸ್ ಬಾರನ್ನು ಕೂರಿಸಿ, ಅದಕ್ಕೆ ಎರಡೂ ಭುಜಗಳನ್ನೂ ಸೊಂಟವನ್ನೂ ಬಿಗಿಯುವ ನಾಲ್ಕು ಪಟ್ಟಿಯ ರೇಸ್ ಬೆಲ್ಟಾದ ಹಾರ್ನೆಸ್ ಕಟ್ಟಿಕೊಡುವುದಾಗಿ ಹೇಳಿದ್ದಾರೆ. ಸೀಟುಗಳು ಕಂಪನಿಯವೇ ಇರುತ್ತವೆ. ಕಾರು ಉರುಳಿದಾಗ ಚಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಕೊಳವೆಗಳ ಚೌಕಟ್ಟನ್ನು, ಅಂದರೆ ರೋಲ್ ಕೇಜನ್ನು ಹಾಕಿಸಿದರೆ ಹಿಂದಿನ ಸೀಟನ್ನು ಬಿಟ್ಟುಕೊಡಬೇಕಾಗುತ್ತದೆ, ಅದು ಮನೆಯವರಿಗೆ ಒಪ್ಪಿಗೆಯಿಲ್ಲ. ಇಬ್ಬರು ಸ್ನೇಹಿತರಲ್ಲಿ ಒಬ್ಬರು ಇದು ಮಾಮೂಲಿ ಬೆಲ್ಟಿಗಿಂತ ಖಂಡಿತ ಮೇಲು ಎನ್ನುತ್ತಾರೆ, ಇನ್ನೊಬ್ಬರು ಇದರಿಂದ ಅಪಾಯವೇ ಹೆಚ್ಚು ಎನ್ನುತ್ತಾರೆ. ಕಾರಣಗಳನ್ನು ತಿಳಿದುಕೊಂಡು ನಿರ್ಧರಿಸಬೇಕೆಂಬ ಆಸೆಯಿಂದ ಇಲ್ಲಿ ಕೇಳುತ್ತಿದ್ದೇನೆ.

ಯಂತ್ರಶಾಲೆ_ಮೈಸೂರು (ಉತ್ತರ)

ನಮಸ್ಕಾರ. ನಿಮ್ಮ ಎರಡನೆಯ ಸ್ನೇಹಿತರ ಮಾತು ಸರಿ ಎಂಬುದು ನನ್ನ ಅಭಿಪ್ರಾಯ. ಹಾರ್ನೆಸ್ ಕೆಟ್ಟ ಸಾಧನವೆಂದು ನಾನು ಹೇಳುತ್ತಿಲ್ಲ. ಅದು ಒಂದು ವ್ಯವಸ್ಥೆಯ ಭಾಗ, ಉಳಿದ ಭಾಗಗಳಿಲ್ಲದೆ ಅದನ್ನೊಂದನ್ನೇ ತಂದಾಗ ಕಂಪನಿಯ ಬೆಲ್ಟ್ ಕೊಡುತ್ತಿದ್ದ ರಕ್ಷಣೆಯೂ ಕೈತಪ್ಪುತ್ತದೆ.

ಮೊದಲನೆಯದು ಚಾವಣಿಯ ವಿಚಾರ. ಮೂರು ಬಿಂದುಗಳ ಮಾಮೂಲಿ ಬೆಲ್ಟ್ ಒಂದು ಭುಜವನ್ನು ಮಾತ್ರ ಹಿಡಿಯುತ್ತದೆ. ಕಾರು ಉರುಳಿ ಚಾವಣಿ ಒಳಕ್ಕೆ ಕುಸಿದರೆ ಮೈ ಕಾರಿನ ನಡುಭಾಗದ ಕಡೆಗೆ ವಾಲಲು ಸ್ವಲ್ಪವಾದರೂ ಅವಕಾಶವಿರುತ್ತದೆ. ಎರಡೂ ಭುಜಗಳನ್ನು ಬಿಗಿದ ಹಾರ್ನೆಸ್ಸಿನಲ್ಲಿ ಬೆನ್ನುಮೂಳೆ ಕಂಬದಂತೆ ನೆಟ್ಟಗೆ ನಿಲ್ಲುವುದರಿಂದ, ಕೆಳಗಿಳಿಯುವ ತಗಡಿನ ಭಾರವೆಲ್ಲ ತಲೆಯ ಮೂಲಕ ಕುತ್ತಿಗೆಗೆ ಬರುತ್ತದೆ. ಟ್ರ್ಯಾಕಿನಲ್ಲಿ ನೀವು ಹೆಲ್ಮೆಟ್ ಬೇರೆ ಧರಿಸಿರುತ್ತೀರಿ, ಅಂದರೆ ತಲೆಗೂ ಚಾವಣಿಗೂ ನಡುವೆ ಇದ್ದ ಅಂತರ ಮೊದಲೇ ಕಡಿಮೆಯಾಗಿರುತ್ತದೆ. ಹಾರ್ನೆಸ್ ಬಾರ್ ಈ ಚಾವಣಿಯನ್ನು ಎತ್ತಿಹಿಡಿಯುವುದಿಲ್ಲ. ಅದು ಭುಜದ ಎತ್ತರದಲ್ಲಿರುವ ಒಂದು ಅಡ್ಡಕೊಳವೆ ಮಾತ್ರ. ನೋಡುವುದಕ್ಕೆ ಚಾವಣಿಗೆ ಆಸರೆಯಾಗುವ ರೋಲ್ ಬಾರಿನಂತೆ ಕಾಣುವುದರಿಂದಲೇ ಅನೇಕರು ಮೋಸಹೋಗುತ್ತಾರೆ.

ಎರಡನೆಯದು ಸೊಂಟದ ಪಟ್ಟಿ. ಬೆಲ್ಟ್ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ ಕೂತಿರಬೇಕು. ನಾಲ್ಕು ಪಟ್ಟಿಯ ಹಾರ್ನೆಸ್ಸಿನಲ್ಲಿ ನಡುವಿನ ಬಕಲ್ಲಿಗೆ ಎರಡು ಭುಜದ ಪಟ್ಟಿಗಳು ಸೇರುತ್ತವೆ. ಮುಂದಿನಿಂದ ಡಿಕ್ಕಿಯಾದಾಗ ಎದೆ ಮುಂದಕ್ಕೆ ಒತ್ತಿದಂತೆ ಅವು ಬಕಲ್ಲನ್ನು ಮೇಲಕ್ಕೆಳೆಯುತ್ತವೆ, ಸೊಂಟದ ಪಟ್ಟಿ ಮೂಳೆಯನ್ನು ಬಿಟ್ಟು ಹೊಟ್ಟೆಗೆ ಏರುತ್ತದೆ ಮತ್ತು ಮೈ ಅದರಡಿಯಲ್ಲಿ ಮುಂದಕ್ಕೆ ಜಾರುತ್ತದೆ. ಸಬ್‌ಮರೀನಿಂಗ್ ಎನ್ನುವುದು ಇದಕ್ಕೇ. ಆಗ ಇಡೀ ದೇಹದ ಹೊಡೆತವನ್ನು ಕರುಳು, ಗುಲ್ಮ, ಯಕೃತ್ತುಗಳು ತಾಳಬೇಕಾಗುತ್ತದೆ. ಇದನ್ನು ತಡೆಯಲೆಂದೇ ಐದನೆಯ ಮತ್ತು ಆರನೆಯ ಪಟ್ಟಿಗಳು ತೊಡೆಗಳ ನಡುವಿನಿಂದ ಬಂದು ಬಕಲ್ಲನ್ನು ಕೆಳಕ್ಕೆ ಹಿಡಿಯುತ್ತವೆ. ಅವು ಹಾದುಬರಲು ಸೀಟಿನ ತಳದಲ್ಲಿ ರಂಧ್ರ ಬೇಕು, ನಿಮ್ಮ ಕಂಪನಿ ಸೀಟಿನಲ್ಲಿ ಅದಿಲ್ಲ.

ಮೂರನೆಯದು ಕೊಳವೆಯ ಬಲ. 60 ಕಿ.ಮೀ. ವೇಗದಲ್ಲಿ ಗೋಡೆಗೆ ತಾಗಿ, ಕಾರಿನ ಮುಂಭಾಗ ಕುಸಿಯುವುದೂ ಬೆಲ್ಟ್ ಹಿಗ್ಗುವುದೂ ಸೇರಿ ನಿಮ್ಮ ದೇಹ 0.6 ಮೀಟರ್ ದೂರದಲ್ಲಿ ನಿಂತಿತು ಎಂದುಕೊಳ್ಳಿ. ಸರಾಸರಿ ಲೆಕ್ಕದಲ್ಲೇ ಅದು ಗುರುತ್ವದ ಸುಮಾರು 23.6 ಪಟ್ಟಾಗುತ್ತದೆ, 75 ಕಿಲೋ ತೂಕದವರಿಗೆ ಸುಮಾರು 1,770 ಕಿಲೋ ಭಾರದಷ್ಟು. ಗರಿಷ್ಠ ಕ್ಷಣದಲ್ಲಿ ಇನ್ನೂ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಭುಜದ ಪಟ್ಟಿಗಳಿಗೆ, ಅಲ್ಲಿಂದ ಕೊಳವೆಗೆ ಹೋಗುತ್ತದೆ. ಎರಡು ತುದಿಗಳಲ್ಲಿ ಮಾತ್ರ ಬೋಲ್ಟ್ ಮಾಡಿದ ಕೊಳವೆಯನ್ನು ನಡುವೆ ಹಿಡಿದೆಳೆದರೆ ಅದು ಬಿಲ್ಲಿನಂತೆ ಬಾಗುತ್ತದೆ, ಬಾಗಿದಷ್ಟೂ ನಿಮ್ಮ ತಲೆ ಸ್ಟೀರಿಂಗಿನ ಹತ್ತಿರಕ್ಕೆ ಹೋಗುತ್ತದೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮಾವಳಿಯಲ್ಲಿ ಭುಜದ ಪಟ್ಟಿಗಳಿಗೆಂದು ಹಾಕುವ ಅಡ್ಡಕೊಳವೆ ಕನಿಷ್ಠ 38 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪದ, ಅಥವಾ 40 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪದ, ಬೆಸುಗೆಯ ಗೆರೆಯಿಲ್ಲದ ಉಕ್ಕಿನದಾಗಿರಬೇಕು, ಮತ್ತು ಆ ಪಟ್ಟಿಗಳ ಪ್ರತಿಯೊಂದು ಆಧಾರಬಿಂದುವೂ ಸುಮಾರು ಒಂದೂವರೆ ಟನ್ ಎಳೆತವನ್ನು ತಾಳಬೇಕು. ನಿಮ್ಮ ಗ್ಯಾರೇಜಿನವರ ಕೊಳವೆ ಯಾವುದು, ದಪ್ಪವೆಷ್ಟು ಎಂದು ದಯವಿಟ್ಟು ಕೇಳಿ ನೋಡಿ.

ನ್ಯಾಯವಾಗಿ ಹೇಳಬೇಕೆಂದರೆ ಈ ಹಾರ್ನೆಸ್ ಬಾರ್‌ಗೆ ಒಂದು ಗುಣವಿದೆ: ಪಟ್ಟಿಯ ಕೋನವನ್ನು ಅದು ಸರಿಯಾಗಿಡುತ್ತದೆ. ಭುಜದಿಂದ ಹಿಂದಕ್ಕೆ ಹೋಗುವ ಪಟ್ಟಿ ಅಡ್ಡರೇಖೆಗಿಂತ 45 ಡಿಗ್ರಿಗೂ ಹೆಚ್ಚು ಕೆಳಕ್ಕೆ ಇಳಿಯಬಾರದು, 10 ಡಿಗ್ರಿ ಮೀರದಿರುವುದು ಒಳ್ಳೆಯದು ಎನ್ನುತ್ತದೆ ಅದೇ ನಿಯಮಾವಳಿ. ಹಿಂದಿನ ಸೀಟಿನ ಬೆಲ್ಟ್ ಬೋಲ್ಟಿಗೆ ನೆಲಮಟ್ಟದಲ್ಲಿ ಕಟ್ಟುವವರನ್ನು ಕಂಡಿದ್ದೇನೆ. ಡಿಕ್ಕಿಯಲ್ಲಿ ಆ ಪಟ್ಟಿ ಭುಜಗಳನ್ನು ಕೆಳಕ್ಕೆ ಅದುಮಿ ಬೆನ್ನುಮೂಳೆಯನ್ನೇ ಕುಗ್ಗಿಸುತ್ತದೆ. ಅದಕ್ಕೆ ಹೋಲಿಸಿದರೆ ಬಾರ್ ಮೇಲು, ಆದರೆ ನೀವು ಹೋಲಿಸಬೇಕಾದದ್ದು ಕಂಪನಿಯ ಬೆಲ್ಟಿನೊಂದಿಗೆ.

ಕೆಂಪು_ಪೋಲೊ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕೃತಜ್ಞತೆಗಳು ಸರ್. ಒಂದು ಸಂದೇಹ ಉಳಿದಿದೆ. ಟ್ರ್ಯಾಕಿನಲ್ಲಿ ಎದುರಿನಿಂದ ವಾಹನ ಬರುವುದಿಲ್ಲ, ಅಂಚಿನಲ್ಲಿ ಬಯಲಿರುತ್ತದೆ. ಅಲ್ಲಿ ಕಾರು ಉರುಳುವ ಸಾಧ್ಯತೆ ನಿಜಕ್ಕೂ ಅಷ್ಟಿದೆಯೇ? ವರ್ಷಗಟ್ಟಲೆ ಹೀಗೆಯೇ ಓಡಿಸಿ ಏನೂ ಆಗದವರು ನನಗೆ ಗೊತ್ತು.

ರೈನ್_ತೀರದಿಂದ (ಉತ್ತರ)

ನಾನು ಹಾಸನದವನು, ಕೆಲಸದ ಮೇಲೆ ಜರ್ಮನಿಯಲ್ಲಿದ್ದೇನೆ, ನ್ಯೂರ್ಬುರ್ಗ್‌ರಿಂಗಿನ ಸುಮಾರು 20.8 ಕಿ.ಮೀ. ಉದ್ದದ ನಾರ್ಡ್‌ಶ್ಲೈಫೆಯಲ್ಲಿ ಸಾರ್ವಜನಿಕರಿಗೆ ಬಿಡುವ ದಿನಗಳಂದು ಓಡಿಸುತ್ತೇನೆ. ನಿಮ್ಮ ಸಂದೇಹ ನನಗೂ ಇತ್ತು. ನಯವಾದ ತಾರಿನ ಮೇಲೆ ಕಾರು ಸುಲಭವಾಗಿ ಉರುಳುವುದಿಲ್ಲ ಎಂಬುದು ನಿಜ. ಆದರೆ ಹಿಡಿತ ತಪ್ಪಿ ಅಡ್ಡಡ್ಡ ಜಾರುತ್ತ ತಾರು ದಾಟಿದ ಕಾರಿನ ಚಕ್ರಗಳು ಜಲ್ಲಿಯಲ್ಲೋ ಮಳೆಗೆ ನೆನೆದ ಮಣ್ಣಿನಲ್ಲೋ ಹೂತರೆ, ಕೆಳಭಾಗ ಅಲ್ಲೇ ನಿಂತು ಮೇಲ್ಭಾಗ ಮುಂದುವರಿಯುತ್ತದೆ. ಅಂಚಿನ ಬಯಲೇ ಆಗ ಎಡವುಗಲ್ಲಾಗುತ್ತದೆ.

ಯಂತ್ರಶಾಲೆಯವರ ಒಂದು ಮಾತಿಗೆ ಮಾತ್ರ ಸ್ವಲ್ಪ ಸೇರಿಸುತ್ತೇನೆ. ನಾಲ್ಕು ಪಟ್ಟಿಯ ಹಾರ್ನೆಸ್ಸುಗಳೆಲ್ಲ ಒಂದೇ ಬಗೆಯವಲ್ಲ. ಇಲ್ಲಿನ ಶ್ರೋತ್ ಕಂಪನಿಯ ಎಎಸ್‌ಎಂ ಎಂಬ ವಿನ್ಯಾಸದಲ್ಲಿ ಎರಡು ಭುಜದ ಪಟ್ಟಿಗಳಲ್ಲಿ ಒಂದನ್ನು ಮಡಚಿ ಹೊಲಿದಿರುತ್ತಾರೆ. ಡಿಕ್ಕಿಯಲ್ಲಿ ಆ ಹೊಲಿಗೆ ಬಿಚ್ಚಿ ಆ ಪಟ್ಟಿ ತುಸು ಉದ್ದವಾಗುತ್ತದೆ, ಮೈಯ ಮೇಲ್ಭಾಗ ಸ್ವಲ್ಪ ತಿರುಗುತ್ತದೆ, ಸೊಂಟ ಮಾತ್ರ ಪಟ್ಟಿಯ ಕೆಳಗೆ ಜಾರದೆ ಉಳಿಯುತ್ತದೆ. ಅಂದರೆ ಮಾಮೂಲಿ ಬೆಲ್ಟ್ ಒಂದೇ ಭುಜ ಹಿಡಿದು ಸಾಧಿಸುವುದನ್ನೇ ಅವರು ಬೇರೆ ದಾರಿಯಿಂದ ಸಾಧಿಸಿದ್ದಾರೆ. ಅಗ್ಗದ ನಾಲ್ಕು ಪಟ್ಟಿಯ ಹಾರ್ನೆಸ್ಸುಗಳಲ್ಲಿ ಇಂಥದ್ದೇನೂ ಇರುವುದಿಲ್ಲ. ಹಾಗಿದ್ದರೂ ಎಎಸ್‌ಎಂ ಸಬ್‌ಮರೀನಿಂಗ್‌ಗೆ ಮದ್ದೇ ಹೊರತು ಚಾವಣಿಗೆ ಅಲ್ಲ.

ನನ್ನ ಮನಸ್ಸು ಬದಲಾದದ್ದು ಪೋರ್ಷೆ 911 ಜಿಟಿ3 ಕಾರಿನ ಕ್ಲಬ್‌ಸ್ಪೋರ್ಟ್ ಪ್ಯಾಕೇಜನ್ನು ನೋಡಿದ ಮೇಲೆ. ಅದರಲ್ಲಿ ಚಾಲಕನಿಗೆ ಆರು ಪಟ್ಟಿಯ ಹಾರ್ನೆಸ್ ಬರುತ್ತದೆ, ಅದರ ಜೊತೆಗೇ ಮುಂದಿನ ಸೀಟುಗಳ ಹಿಂದೆ ಬೋಲ್ಟ್ ಮಾಡಿದ ರೋಲ್ ಕೇಜ್ ಬರುತ್ತದೆ, ಅಗ್ನಿಶಾಮಕವೂ ಬರುತ್ತದೆ. ರೇಸಿನ ಅನುಭವ ಅಷ್ಟಿರುವ ತಯಾರಕರು ಹಾರ್ನೆಸ್ಸನ್ನೂ ಕೇಜನ್ನೂ ಒಂದೇ ಕಟ್ಟಿನಲ್ಲಿ ಕೊಡುತ್ತಿರುವಾಗ, ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಿಸಲು ನನಗೆ ಧೈರ್ಯ ಬರಲಿಲ್ಲ.

ಹಳೆಯ_ಸ್ಕ್ರೂಟಿನಿಯರ್ (ಉತ್ತರ)

ರ್‍ಯಾಲಿ ಕಾರುಗಳ ತಪಾಸಣೆಯಲ್ಲಿ ಹಲವು ವರ್ಷ ಕಳೆದವನಾಗಿ ಎರಡು ಮಾತು ಹೇಳುತ್ತೇನೆ. ಒಮ್ಮೆ ಒಂದು ಕಾರಿನ ಸೊಂಟದ ಪಟ್ಟಿಯನ್ನು ಸಿಕ್ಕಿಸುವ ಉಂಗುರದ ಬೋಲ್ಟನ್ನು (ಐ-ಬೋಲ್ಟ್) ಬೆರಳಿನಿಂದ ತಿರುಗಿಸಿದೆ, ಅದು ತಿರುಗಿತು. ನೆಲದ ತಗಡಿನ ಕೆಳಗೆ ಎಳೆತವನ್ನು ಹಂಚುವ ಒತ್ತುಫಲಕವೇ ಇರಲಿಲ್ಲ. ಆ ಹುಡುಗ ದುಬಾರಿ ಹಾರ್ನೆಸ್ ಕೊಂಡಿದ್ದ, ಅದನ್ನು ಒಂದು ಮಿಲಿಮೀಟರಿಗಿಂತ ತೆಳ್ಳಗಿನ ತಗಡಿಗೆ ನೇತುಹಾಕಿದ್ದ. ಅವನನ್ನು ಆ ದಿನ ಹೊರಡಲು ಬಿಡಲಿಲ್ಲ, ಅವನ ಮುಖ ಇವತ್ತಿಗೂ ನೆನಪಿದೆ.

ಇನ್ನೊಂದು, ಇಲ್ಲಿ ಯಾರೂ ಎತ್ತದ ಕುತ್ತಿಗೆಯ ವಿಚಾರ. ಎದೆಯನ್ನು ಬಿಗಿಯಾಗಿ ಹಿಡಿದಷ್ಟೂ, ಹೆಲ್ಮೆಟ್ಟಿನ ಭಾರವನ್ನು ಹೊತ್ತ ತಲೆ ಒಂಟಿಯಾಗಿ ಮುಂದಕ್ಕೆ ಚಿಮ್ಮುತ್ತದೆ, ಅದನ್ನು ತಡೆಯಬೇಕಾದ್ದು ಕುತ್ತಿಗೆಯೊಂದೇ. ಅಮೆರಿಕದ ರಾಬರ್ಟ್ ಹಬ್ಬರ್ಡ್ ಮತ್ತು ಜಿಮ್ ಡೌನಿಂಗ್ 1980ರ ದಶಕದಲ್ಲಿ, ತಲೆ ಮುಂದಕ್ಕೆ ಚಿಮ್ಮದಂತೆ ಹೆಲ್ಮೆಟ್ಟನ್ನು ಹಿಡಿದಿಡುವ ಹಾನ್ಸ್ ಸಾಧನವನ್ನು ರೂಪಿಸಿದ್ದು ಈ ಕಾರಣಕ್ಕೇ. 2001ರ ಫೆಬ್ರವರಿಯಲ್ಲಿ ಡೇಟೋನಾ ಟ್ರ್ಯಾಕಿನಲ್ಲಿ ಅಮೆರಿಕದ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ತಲೆಬುರುಡೆಯ ತಳ ಮುರಿದು ತೀರಿಕೊಂಡ ಮೇಲೆ ಅಲ್ಲಿನ ಕಾರ್ ರೇಸ್ ಸಂಸ್ಥೆ ನಾಸ್ಕಾರ್ ಅದೇ ವರ್ಷ ಇಂಥ ಸಾಧನವನ್ನು ಕಡ್ಡಾಯಗೊಳಿಸಿತು, ಫಾರ್ಮುಲಾ ಒನ್ 2003ರಲ್ಲಿ ಕಡ್ಡಾಯಗೊಳಿಸಿತು. ಹಾರ್ನೆಸ್ ಕಟ್ಟಿಕೊಂಡು ಹಾನ್ಸ್ ಇಲ್ಲದೆ ಓಡಿಸುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾದರೆ ಪೂರ್ತಿ ಕೇಜ್ ಹಾಕಿಸಿ ಎಂದೂ ನಿಮಗೆ ಹೇಳಲಾರೆ. ಆ ಕಾರಿನಲ್ಲಿ ಮಗಳು ಶಾಲೆಗೆ ಹೋಗುತ್ತಾಳೆ. ಹೆಲ್ಮೆಟ್ ಇಲ್ಲದ ತಲೆಯ ಸಮೀಪದಲ್ಲಿ ಉಕ್ಕಿನ ಕೊಳವೆಯಿದ್ದರೆ ಊರೊಳಗಿನ ಸಣ್ಣ ಡಿಕ್ಕಿಯೂ ದೊಡ್ಡ ಗಾಯ ಮಾಡಬಲ್ಲದು. ನಿಮ್ಮ ನಿಜವಾದ ಸಮಸ್ಯೆ ಪಕ್ಕಕ್ಕೆ ಜಾರುವುದು, ಅದಕ್ಕೆ ಉತ್ತರ ಸೀಟಿನಲ್ಲಿದೆ. ಎರಡೂ ಪಕ್ಕ ಎತ್ತರದ ಅಂಚುಗಳಿರುವ ಒಳ್ಳೆಯ ಸೀಟನ್ನು, ಕಂಪನಿಯ ಬೆಲ್ಟ್ ಸೊಂಟದ ಮೂಳೆಯ ಮೇಲೆ ಸರಿಯಾಗಿ ಕೂರುವಂಥದ್ದನ್ನು ಆರಿಸಿ, ಭದ್ರವಾದ ಬ್ರ್ಯಾಕೆಟ್ಟುಗಳ ಮೇಲೆ ಕೂರಿಸಿ. ಡಿಕ್ಕಿಯಾದ ಕ್ಷಣ ಬೆಲ್ಟನ್ನು ಬಿಗಿಯುವ ಪ್ರೀಟೆನ್ಷನರ್, ಏರ್‌ಬ್ಯಾಗ್ ಎಲ್ಲವೂ ಆ ಬೆಲ್ಟಿಗೆ ಹೊಂದಿಕೊಂಡೇ ವಿನ್ಯಾಸಗೊಂಡಿವೆ, ಅದನ್ನು ಬಿಚ್ಚಬೇಡಿ. ಸೀಟು ಬರುವವರೆಗೆ ಹೀಗೆ ಮಾಡಿ ನೋಡಿ: ಸೀಟನ್ನು ಒಂದೆರಡು ಹಲ್ಲು ಹಿಂದಕ್ಕೆ ಸರಿಸಿ, ಬೆಲ್ಟ್ ಹಾಕಿ, ಭುಜದ ಪಟ್ಟಿಯನ್ನು ಜಗ್ಗಿ ಲಾಕ್ ಆಗುವಂತೆ ಮಾಡಿ, ಅದನ್ನು ಬಿಡದೆ ಹಿಡಿದೇ ಸೀಟನ್ನು ಮುಂದಕ್ಕೆ ತನ್ನಿ. ಬೆಲ್ಟ್ ಬಿಗಿಯಾಗಿ ಮೈಯನ್ನು ಹಿಡಿಯುತ್ತದೆ.

ಕೆಂಪು_ಪೋಲೊ

ಗ್ಯಾರೇಜಿಗೆ ಫೋನ್ ಮಾಡಿ ಕೇಳಿದೆ. ಕೊಳವೆಯ ದಪ್ಪ ಅವರಿಗೇ ತಿಳಿದಿರಲಿಲ್ಲ, ಆದ್ದರಿಂದ ಬಾರ್ ಬೇಡವೆಂದು ಹೇಳಿದ್ದೇನೆ. ಮುಂದಿನ ಟ್ರ್ಯಾಕ್ ದಿನದೊಳಗೆ ಚಾಲಕನ ಸೀಟನ್ನು ಮಾತ್ರ ಬದಲಿಸುವ ಯೋಚನೆಯಿದೆ. ಕೊಳ್ಳುವ ಮೊದಲು ಏನನ್ನು ಅಳೆಯಬೇಕು ಸರ್?

ಹಳೆಯ_ಸ್ಕ್ರೂಟಿನಿಯರ್

ನಿಮ್ಮ ಹೆಲ್ಮೆಟ್ಟನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಸೀಟನ್ನು ಕಾರಿನೊಳಗೆ ಬ್ರ್ಯಾಕೆಟ್ಟಿನ ಸಮೇತ ಇಡಿಸಿ, ಹೆಲ್ಮೆಟ್ ಧರಿಸಿ, ಬೆಲ್ಟ್ ಬಿಗಿದು ಕೂತು, ಹೆಲ್ಮೆಟ್ಟಿನ ನೆತ್ತಿಗೂ ಚಾವಣಿಗೂ ನಡುವೆ ಎಷ್ಟು ಜಾಗ ಉಳಿಯಿತೆಂದು ಇನ್ನೊಬ್ಬರ ಕೈಯಿಂದ ಅಳೆಸಿ. ನಿಮ್ಮ ಮುಷ್ಟಿ ಅಲ್ಲಿ ಹಿಡಿಯದಿದ್ದರೆ ಇನ್ನೂ ತಗ್ಗಿನಲ್ಲಿ ಕೂರುವ ಬ್ರ್ಯಾಕೆಟ್ ಕೇಳಿ. ಅಳತೆ ಬಂದ ಮೇಲೆ ಇಲ್ಲಿ ಬರೆಯಿರಿ, ಬ್ರ್ಯಾಕೆಟ್ಟಿನ ಬೋಲ್ಟುಗಳನ್ನು ಒಟ್ಟಿಗೆ ನೋಡೋಣ.