ಗುಳಿಗಿ ನುಂಗಿದ ತಂಗಿ ಈಗ ಆರಾಮ ಅದಾಳ, ಮತ್ತ ಒಂದ ರಾತ್ರಿ ದವಾಖಾನ್ಯಾಗ ಯಾಕ ಇಡ್ತಾರ?

ಕಮಲಾಪುರ_ಹುಡುಗ:
ಕಲಬುರಗಿಯಿಂದ ಬರೀಲಕತ್ತೀನ್ರಿ. ನಮ್ಮ ಕಾಕಾನ ಮಗಳು, ಡಿಗ್ರಿ ಓದ್ತಾಳ, ಮನ್ಯಾಗ ಮಾತಿಗೆ ಮಾತು ಬೆಳದು ಸಿಟ್ಟಿನ್ಯಾಗ ಜ್ವರದ ಗುಳಿಗಿ ನೆಗಡಿ ಗುಳಿಗಿ ಎಲ್ಲಾ ಕೂಡಿ ನುಂಗ್ಯಾಳ, ಆಮ್ಯಾಲ ತಾನೇ ಅವ್ವಗ ಹೇಳ್ಯಾಳ, ಜಲ್ದಿ ಒಯ್ದೀವಿ. ಈಗ ಎದ್ದು ಕೂತಾಳ, ಚಹಾ ಕೇಳ್ಲಕತ್ಯಾಳ. ಇಸಿಜಿ ಸರಿ ಅದ ಅಂದಾರ, ಐಸಿಯು ಬ್ಯಾಡ ಅಂತ ಅವ್ರೇ ಹೇಳ್ಯಾರ, ಆದ್ರ ನಾಳಿ ತನ ಅಬ್ಸರ್ವೇಷನ್‌ದಾಗ ಇರ್ಲಿ ಅಂತಾರ. ಕಾಕಾ ಸೈನ್ ಮಾಡಿ ಕರ್ಕೊಂಡು ಹೋಗ್ತೀನಿ ಅಂತ ಕೂತಾನ, ಎಂಎಲ್‌ಸಿ, ಅಂದ್ರ ಪೊಲೀಸ್ರಿಗೆ ತಿಳ್ಸೋ ಕೇಸ್, ಅಂದ ಕೂಡ್ಲೇ ಇನ್ನೂ ಹೆದರ್ಯಾನ. ಇರ್ಲೇಬೇಕೇನ್ರಿ?

ವಾರ್ಡ್‌ಅಕ್ಕ_ಬೀದರ್:
ತಮ್ಮಾ, ದಯವಿಟ್ಟು ಕರ್ಕೊಂಡು ಹೋಗಬ್ಯಾಡ್ರಿ. ನಾ ಸ್ಟಾಫ್ ನರ್ಸ್ ಅದೀನಿ. ಜ್ವರದ ಗುಳಿಗಿ ಅಂದ್ರ ಪ್ಯಾರಾಸಿಟಮಾಲ್, ಅದರ ಮೋಸ ಏನಂದ್ರ ಮೊದಲ ದಿನ ಮನಷ್ಯಾ ಹಿಂಗೇ ನೆಟ್ಟಗ ಇರ್ತಾನ, ಭಾಳಂದ್ರ ಸ್ವಲ್ಪ ವಾಂತಿ, ಲಿವರ್‌ಗೆ ಪೆಟ್ಟು ಬಿದ್ದಿದ್ರ ಎರಡನೇ ಮೂರನೇ ದಿನಕ್ಕ ಗೊತ್ತಾಗ್ತದ, ಅದಕ್ಕ ಮುಖ ನೋಡಿ ಡಿಸ್ಚಾರ್ಜ್ ಮಾಡಂಗಿಲ್ಲ. ರಕ್ತದಾಗ ಎಷ್ಟದ ಅಂತ ನೋಡೋ ಟೆಸ್ಟ್ ನುಂಗಿ 4 ತಾಸ ಆದ ಮ್ಯಾಲೇ ತಗೋಬೇಕು, ಮೊದಲೇ ತಗೊಂಡ್ರ ಆ ನಂಬರ್ ನಂಬ್ಲಿಕ್ಕಾಗಲ್ಲ. ಬೇಕಾತಂದ್ರ ಅಸೆಟೈಲ್‌ಸಿಸ್ಟೀನ್ ಅಂತ ಔಷಧ ಸಲಾಯಿನ್‌ದಾಗ ಕೊಡ್ತಾರ, 8 ತಾಸಿನ ಒಳಗ ಸುರು ಆದ್ರ ಭಾಳ ಚಲೋ ಕೆಲಸ ಮಾಡ್ತದ. ಅದಕ್ಕ ಎಷ್ಟೊತ್ತಿಗೆ ನುಂಗಿದ್ಳು ಅನ್ನೋದು ಖರೇ ಹೇಳ್ರಿ, ಖಾಲಿ ಪಟ್ಟಿ ಮನ್ಯಾಗ ಬಿದ್ದಿದ್ರ ತರ್ಸಿ ಡಾಕ್ಟರ್ ಕೈಯಾಗ ಕೊಡ್ರಿ. ಭಾಳಷ್ಟು ನೆಗಡಿ ಗುಳಿಗ್ಯಾಗೂ ಪ್ಯಾರಾಸಿಟಮಾಲ್ ಇರ್ತದ, ಜನ ಅದನ್ನ ಲೆಕ್ಕಕ್ಕೇ ಹಿಡಿಯಂಗಿಲ್ಲ.

ರಾತ್ರಿ ನಾವು ಮಾಡೋದು ಪಲ್ಸ್, ಬಿಪಿ, ಉಸಿರು, ಶುಗರ್ ಮ್ಯಾಲಿಂದ ಮ್ಯಾಲ ನೋಡೋದು, ಎಬ್ಬಿಸಿ ಮಾತಾಡ್ಸೋದು, ಮುಂಜಾನಿ ಲಿವರ್ ಟೆಸ್ಟ್ ಮತ್ತೊಮ್ಮೆ. ಇದು ಮನ್ಯಾಗ ಆಗೋ ಕೆಲಸ ಅಲ್ರಿ.

ಭೀಮಾ_ದಂಡಿ:
ನರ್ಸ್ ಅಕ್ಕ ಹೇಳಿದ್ದು ಖರೇ. ಯಾದಗಿರ್ಯಾಗ ನಮ್ಮಪ್ಪ ಮರ್ತು ಶುಗರ್ ಗುಳಿಗಿ ಮತ್ತೊಮ್ಮೆ ತಗೊಂಡಿದ್ರು, ಗ್ಲಿಮೆಪಿರೈಡ್. ಗ್ಲುಕೋಸ್ ಏರ್ಸಿದ ಮ್ಯಾಲ ಶುಗರ್ ಸರಿ ಆತು, ನಾವು ಮನಿಗೆ ಹೊಂಟಿದ್ವಿ, ಡಾಕ್ಟರ್ 24 ತಾಸ ಬಿಡಂಗಿಲ್ಲ ಅಂದ್ರು. ನಡುರಾತ್ರಿ ಮತ್ತ ಇಳೀತು ನೋಡ್ರಿ. ಅಪ್ಪ ನಿದ್ದಿ ಹತ್ಯಾರ ಅಂತ ನಾವು ಚಾದರ ಹೊಚ್ಚಿ ಸುಮ್ನ ಕೂತಿದ್ವಿ, ನರ್ಸ್ ಬೆರಳು ಚುಚ್ಚಿ ನೋಡಿದಾಗ್ಲೇ ಗೊತ್ತಾತು.

ಕಪ್ಪುಕೋಟು_ಕಲಬುರಗಿ:
ಎಂಎಲ್‌ಸಿಗೆ ಕಾಕಾ ಹೆದರೋದು ಬ್ಯಾಡ. ಇಂಥಾ ಕೇಸ್ ಬಂದ್ರ ದವಾಖಾನಿಯವ್ರು ಬರ್ಕೊಂಡು ಪೊಲೀಸ್ರಿಗೆ ತಿಳಿಸ್ತಾರ, ಅವ್ರು ಬಂದು ಹೇಳಿಕೆ ತಗೋಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ 115ನೇ ಕಲಂ ಪ್ರಕಾರ ಜೀವಕ್ಕ ಕೈ ಹಾಕ್ಕೊಂಡವ್ರು ತೀವ್ರ ಒತ್ತಡದಾಗ ಇದ್ರು ಅಂತಲೇ ತಿಳೀಬೇಕು, ಶಿಕ್ಷಾ ಕೊಡಂಗಿಲ್ಲ. ಆತ್ಮಹತ್ಯಾ ಪ್ರಯತ್ನಕ್ಕ ಶಿಕ್ಷಾ ಕೊಡೋ ಹಳೇ ಐಪಿಸಿ 309ನೇ ಕಲಂ ಇತ್ತಲ್ಲ, ಐಪಿಸಿ ಬದ್ಲಿ 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ದಾಗ (ಭಾರತೀಯ ನ್ಯಾಯ ಸಂಹಿತಾ) ಅದು ಇಲ್ಲ. ಹುಡುಗಿ ಮ್ಯಾಲ ಕೇಸ್ ಅಂತ ಹೆದರ್ಸಿ ಯಾರರ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ.

ಕಮಲಾಪುರ_ಹುಡುಗ:
ಕಾಕಾಗ ಎಲ್ಲಾ ಓದಿ ಹೇಳ್ದೆ, ಇರ್ಲಿ ಬಿಡು ಅಂದಾನ. ಮುಂಜಾನಿ ಮನಸಿನ ಡಾಕ್ಟರ್ ನೋಡ್ತಾರಂತ, ಅದಕ್ಕ ಕಾಕು ಅಳ್ಲಕತ್ಯಾಳ, ನನ್ನ ಮಗಳೇನು ಹುಚ್ಚಿ ಏನು ಅಂತ.

ವಾರ್ಡ್‌ಅಕ್ಕ_ಬೀದರ್:
ಕಾಕುಗ ಸಮಾಧಾನ ಹೇಳ್ರಿ. ಹುಚ್ಚಂತ ಅಲ್ಲ, ಒಳಗ ಏನು ನೋವದ ಅಂತ ಕೇಳೋರು ಬೇಕಲ್ಲ, ಅದಕ್ಕ. ನನ್ನ ಕೇಳಿದ್ರ ರಾತ್ರಿ ಇಟ್ಕೊಳ್ಳೋದ್ರಾಗ ಅರ್ಧ ಕೆಲಸ ಇದೇ ಅದ. ಆಕಿ ಒಬ್ಬಳೇ ಮಾತಾಡ್ಲಿ, ಮಂದಿ ಸುತ್ತ ನಿಂದ್ರಬ್ಯಾಡ್ರಿ, ಯಾಕ ಹಿಂಗ ಮಾಡ್ದಿ ಅಂತ ಬಂದವ್ರೆಲ್ಲಾ ಬೈಯೋದು ನಿಲ್ಲಿಸ್ರಿ. ಮನಿಗೆ ಹೋದ ಮ್ಯಾಲ ಗುಳಿಗಿ ಎಲ್ಲಾ ಕೀಲಿ ಹಾಕಿ ಇಡ್ರಿ, ಹೊಲಕ್ಕ ಹೊಡಿಯೋ ಔಷಧ ಮನ್ಯಾಗ ಇದ್ರ ಅದನ್ನ ಇವತ್ತೇ ಹೊರಗ ಒಯ್ರಿ. ಟೆಲಿ ಮಾನಸ್ ಅಂತ ಮನಸಿನ ನೋವಿಗೆ ಸರ್ಕಾರದ ಸಹಾಯವಾಣಿ ಅದ, 14416, ಹಗಲು ರಾತ್ರಿ ಪುಕ್ಕಟ, ಕನ್ನಡದಾಗೇ ಮಾತಾಡ್ತಾರ, ಆ ನಂಬರ್ ಆಕಿ ಫೋನಿನ್ಯಾಗ ಹಾಕ್ಕೊಡ್ರಿ. ಮತ್ತ ಚಹಾ ಡಾಕ್ಟರಿಗೆ ಕೇಳೇ ಕೊಡ್ರಿ.